ನಾಲ್ಕು ಗೋಡೆಗಳ ನಡುವಿನ ಸಾಧನೆ

ನವುಲೆಯ ಕ್ರೀಡಾಂಗಣದಲ್ಲಿ ರಣಜಿ ಪಂದ್ಯ ನಡೆದರೆ ಶಿವಮೊಗ್ಗಕ್ಕೆಲ್ಲ ಸುದ್ದಿ. ಆದರೆ ಸ್ಕ್ವಾಷ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಬಾಟಲಿಯ ಹಣ್ಣಿನ ಪಾನಕ! ಇದು ನಾಲ್ಕು ಗೋಡೆಗಳ ಕೋಣೆಯೊಳಗಿನ ಆಟ. ಪುಟ್ಟ ರಬ್ಬರ್ ಚೆಂಡನ್ನು ಎದುರಿನ ಗೋಡೆಗೆ ಹೊಡೆಯಬೇಕು. ಅದು ಎರಡನೇ ಸಲ ನೆಲ ಮುಟ್ಟುವ ಮೊದಲೇ ಎದುರಾಳಿ ಮರಳಿಸಬೇಕು. ಗೇಮಿಗೆ 11 ಅಂಕ. ಐದರಲ್ಲಿ ಮೂರು ಗೇಮ್ ಗೆದ್ದವರಿಗೆ ಜಯ.

ಈ ಆಟದಲ್ಲಿ ದೇಶಕ್ಕೆ ಹೆಸರು ತಂದವರು ಜೋಷ್ನಾ ಚಿನ್ನಪ್ಪ. ಕೊಡಗು ಮೂಲದ ಕುಟುಂಬದ ಈಕೆ 1986ರಲ್ಲಿ ಚೆನ್ನೈನಲ್ಲಿ ಜನಿಸಿದರು. ತಂದೆ ಅಂಜನ್ ಚಿನ್ನಪ್ಪ ಅವರೇ ಆಟ ಕಲಿಸಿದರು. ಹದಿನಾಲ್ಕರ ಹರೆಯದಲ್ಲೇ ಜೋಷ್ನಾ ರಾಷ್ಟ್ರೀಯ ಚಾಂಪಿಯನ್ ಆದರು. 2005ರಲ್ಲಿ ಬ್ರಿಟಿಷ್ ಜೂನಿಯರ್ ಓಪನ್ 19 ವರ್ಷದೊಳಗಿನವರ ಪ್ರಶಸ್ತಿಯನ್ನೂ ಗೆದ್ದರು.

ಕ್ರಿಕೆಟಿನಂತೆ ಹಣ ಹರಿದು ಬರುವ ಆಟ ಇದಲ್ಲ. ಮೊಣಕಾಲಿನ ಗಾಯವೂ ಕಾಡಿತು. ಆದರೂ ಅವರು ಬಿಡಲಿಲ್ಲ. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ದೀಪಿಕಾ ಪಳ್ಳಿಕಲ್ ಜೊತೆ ಚಿನ್ನ ಗೆದ್ದರು. 2016ರಲ್ಲಿ ವಿಶ್ವದ ಮೊದಲ ಹತ್ತು ಆಟಗಾರ್ತಿಯರ ಸಾಲಿಗೆ ಸೇರಿದರು. 2018ರಲ್ಲಿ, ಎಂಟು ಸಲ ವಿಶ್ವ ಚಾಂಪಿಯನ್ ಆಗಿದ್ದ ಮಲೇಷ್ಯಾದ ನಿಕೋಲ್ ಡೇವಿಡ್ ಅವರನ್ನೇ ಸೋಲಿಸಿದರು. 2019ರಲ್ಲಿ 17ನೇ ರಾಷ್ಟ್ರೀಯ ಪ್ರಶಸ್ತಿ ಗೆದ್ದು, ಭುವನೇಶ್ವರಿ ಕುಮಾರಿ ಅವರ 16 ಪ್ರಶಸ್ತಿಗಳ ದಾಖಲೆ ಮುರಿದರು. 2024ರಲ್ಲಿ ಪದ್ಮಶ್ರೀ ಬಂತು. 2025ರ ಡಿಸೆಂಬರಿನಲ್ಲಿ ಚೆನ್ನೈನಲ್ಲಿ ಭಾರತ ಮೊದಲ ಬಾರಿಗೆ ವಿಶ್ವಕಪ್ ಗೆದ್ದಾಗ ಆ ತಂಡದಲ್ಲಿ 39ರ ಜೋಷ್ನಾ ಇದ್ದರು.

ಜೊತೆಗಾತಿ ದೀಪಿಕಾರದು ಇನ್ನೊಂದು ಹೋರಾಟ. ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಪುರುಷರಿಗಿಂತ ಮಹಿಳೆಯರಿಗೆ ಬಹುಮಾನದ ಹಣ ಕಡಿಮೆ ಎಂದು ಅವರು ಕೆಲವು ವರ್ಷ ಆಡದೆ ಉಳಿದರು. 2016ರಲ್ಲಿ ಸಮಾನ ಬಹುಮಾನ ಘೋಷಣೆಯಾದ ಮೇಲೆಯೇ ಮರಳಿದರು.

ಪಾಕಿಸ್ತಾನದ ವಜೀರಿಸ್ತಾನದ ಮರಿಯಾ ತೂರ್ಪಕೈ ಅವರ ಹಾದಿ ಇನ್ನೂ ಕಠಿಣ. ಬಾಲ್ಯದಲ್ಲಿ ಹುಡುಗನ ವೇಷದಲ್ಲಿ ಆಡಿದರು. ಹುಡುಗಿ ಎಂದು ತಿಳಿದ ಮೇಲೆ ಬೆದರಿಕೆಗಳು ಬಂದವು. ಮನೆಯ ಕೋಣೆಯ ಗೋಡೆಗೇ ಚೆಂಡು ಹೊಡೆದು ಅಭ್ಯಾಸ ಮಾಡಿದರು. ಆಗಲೂ ತಂದೆ ಮಗಳ ಬೆನ್ನಿಗೆ ನಿಂತಿದ್ದರು.

ಈ ಇಬ್ಬರ ಬದುಕಿನಲ್ಲಿ ತಾಯಂದಿರು ಗಮನಿಸಬೇಕಾದ ಮಾತೊಂದಿದೆ. ಜೋಷ್ನಾ ರಾಷ್ಟ್ರೀಯ ಚಾಂಪಿಯನ್ ಆದದ್ದು ಹದಿನಾಲ್ಕಕ್ಕೆ. ನಮ್ಮ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳ ಆಟ ನಿಲ್ಲುವುದೂ ಅದೇ ವಯಸ್ಸಿಗೆ. "ಇನ್ನು ಸಾಕು, ಒಳಗೆ ಬಾ" ಎನ್ನುತ್ತೇವೆ. ಮಗ ಮಾತ್ರ ಮಗ್ರಿಬ್‌ವರೆಗೂ ಬ್ಯಾಟು ಬೀಸುತ್ತಿರುತ್ತಾನೆ. ಎಲ್ಲರೂ ಚಾಂಪಿಯನ್ ಆಗಬೇಕಾಗಿಲ್ಲ. ಮರ್ಯಾದೆಯ ಉಡುಪಿನಲ್ಲಿ, ಸುರಕ್ಷಿತ ಜಾಗದಲ್ಲಿ ದಿನಕ್ಕೆ ಅರ್ಧ ಗಂಟೆ ಆಟ ಮಗಳಿಗೂ ಬೇಕು. ಆರೋಗ್ಯ ಅವಳಿಗೂ ಅಮಾನತ್ತೇ ಅಲ್ಲವೇ?