ಎರಡೂವರೆ ಇಂಚಿನ ಕೋವಿಗಳು

12 ಬೋರಿನ ತೋಟೆಯ ಮೇಲೆ 70 ಮಿ.ಮೀ. ಎಂದು ಅಚ್ಚಾಗಿರುತ್ತದೆ. ಸ್ಕೇಲಿಟ್ಟು ಅಳೆದರೆ 58ರ ಹತ್ತಿರ ಬರುತ್ತದೆ. ಅಚ್ಚಿನಲ್ಲಿ ತಪ್ಪಿಲ್ಲ. ಅದು ಈಡು ಹಾರಿ, ಮಡಿಚಿದ್ದ ಬಾಯಿ ಪೂರ್ತಿ ಬಿಚ್ಚಿಕೊಂಡಾಗಿನ ಉದ್ದ. ಹಳೆಯ ಬ್ರಿಟಿಷ್ ಕೋವಿ ಕೂಡಿಡಲು ಹೊರಟವರು ಮೊದಲು ಅರಿಯಬೇಕಾದದ್ದು ಇದನ್ನೇ. ಆ ಕೋವಿಗಳ ಚೇಂಬರ್ ಸಾಮಾನ್ಯವಾಗಿ ಎರಡೂವರೆ ಇಂಚು, ಅಂದರೆ ಸುಮಾರು 65 ಮಿ.ಮೀ. 70ರ ತೋಟೆ ಅದರಲ್ಲಿ ಸಲೀಸಾಗಿ ಕೂರುತ್ತದೆ, ಕೋವಿಯೂ ಟಕ್ಕೆಂದು ಮುಚ್ಚಿಕೊಳ್ಳುತ್ತದೆ. ಟ್ರಿಗರ್ ಎಳೆದಾಗ ಮಾತ್ರ ತೋಟೆಯ ಬಾಯಿ ಚೇಂಬರ್ ದಾಟಿ, ನಳಿಗೆ ಕಿರಿದಾಗುವ ಜಾಗದಲ್ಲಿ ಬಿಚ್ಚಿಕೊಳ್ಳುತ್ತದೆ. ಚರೆ ಸಾಗುವ ದಾರಿ ಇಕ್ಕಟ್ಟಾಗಿ ಒತ್ತಡ ಏರುತ್ತದೆ. ಸಾಲದ್ದಕ್ಕೆ, 70ರ ತೋಟೆಗಳಲ್ಲಿ ಎಷ್ಟೋ ಹೆಚ್ಚು ಒತ್ತಡ ತಾಳುವ ಹೊಸ ಕೋವಿಗಳಿಗೆಂದೇ ತಯಾರಾದವು.

ಹಾಗಾದರೆ ಚೇಂಬರನ್ನು ಗಿಡ್ಡ ಮಾಡಿದ್ದೇಕೆ? ಆ ಕಾಲದ ಶಿಕಾರಿಗೆ ಅಷ್ಟೇ ಸಾಕಾಗಿತ್ತು. ಕೋವಿಯ ತೂಕ ಅದು ಹಾರಿಸುವ ಚರೆಯ 96 ಪಟ್ಟು ಇದ್ದರೆ ಹೆಗಲಿಗೆ ಹಿತ ಎಂಬುದು ಕೋವಿ ತಯಾರಕ ಡಬ್ಲ್ಯು.ಡಬ್ಲ್ಯು. ಗ್ರೀನರ್ ಹೆಸರಿನಲ್ಲಿ ಉಳಿದುಬಂದಿರುವ ಲೆಕ್ಕ. 30 ಗ್ರಾಂ ಚರೆಗೆ ಸುಮಾರು 2.9 ಕಿಲೋ ಕೋವಿ. 25 ಗ್ರಾಮಿಗೆ ಇಳಿಸಿದರೆ 2.4 ಕಿಲೋ ಸಾಕು. ಈ ಎರಡನೇ ಲೆಕ್ಕದ ಮೇಲೆ ಹುಟ್ಟಿದ್ದೇ ಬರೀ ಎರಡು ಇಂಚು ಚೇಂಬರಿನ 12 ಬೋರ್ ಕೋವಿಗಳು. ಕೈಗೆತ್ತಿಕೊಂಡರೆ 20 ಬೋರಿನಷ್ಟೇ ಹಗುರ. ಇವು ಅಪರೂಪ, ಇವಕ್ಕೆ ತೋಟೆ ಸಿಗುವುದೂ ಕಷ್ಟ. ಮೊದಲ ಖರೀದಿಗೆ ನಾನಾದರೆ ಎರಡೂವರೆ ಇಂಚಿನದನ್ನೇ ಹುಡುಕುತ್ತೇನೆ. ಅದರಲ್ಲೂ ಹಗುರವಾದವು ಉಂಟು. ಚಾರ್ಲ್ಸ್ ಲ್ಯಾಂಕಾಸ್ಟರ್ ಕಂಪನಿಯ ‘ಟ್ವೆಲ್ವ್-ಟ್ವೆಂಟಿ’ 20 ಬೋರಿನ ತೂಕದ 12 ಬೋರ್ ಎಂದೇ ಹೆಸರು ಪಡೆಯಿತು. ಕೋವಿ ತಯಾರಕ ರಾಬರ್ಟ್ ಚರ್ಚಿಲ್ 25 ಇಂಚಿನ ಮೋಟು ನಳಿಗೆಯ ‘XXV’ ತಂದು, ಎರಡು ನಳಿಗೆಗಳ ನಡುವಿನ ಪಟ್ಟಿಯನ್ನು ಎತ್ತರಿಸಿ ಸಪುರ ಮಾಡಿ, ನಳಿಗೆ ಉದ್ದವಿರುವಂತೆ ಕಣ್ಣಿಗೆ ತೋರಿಸಿದರು.

ಹೆಸರು, ಕೆತ್ತನೆಗಳಿಗೆ ಮರುಳಾಗುವ ಮೊದಲು ನಳಿಗೆ ಬಿಚ್ಚಿ ಮಗುಚಿ ಹಾಕಿ. ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನ ಮುದ್ರೆಗಳು ಇರುವುದು ಅಡಿಭಾಗದಲ್ಲಿ. ಪ್ರೂಫ್ ಹೌಸಿನಲ್ಲಿ ಹೆಚ್ಚಿನ ಮದ್ದು ತುಂಬಿ ಹಾರಿಸಿ, ತಾಳಿಕೊಂಡ ನಳಿಗೆಗಷ್ಟೇ ಮುದ್ರೆ ಹೊಡೆಯುತ್ತಾರೆ. ವಜ್ರಾಕೃತಿಯೊಳಗೆ 12, ಅದರ ಕೆಳಗೆ C ಇದ್ದರೆ ಅದು 1887ರಿಂದ 1925ರ ನಡುವಿನ ರೂಢಿ. ಚೇಂಬರ್ ಮೂರು ಇಂಚಿಗಿಂತ ಕಡಿಮೆ ಎಂದಷ್ಟೇ ಅದರ ಅರ್ಥ, ನಿಜವಾದ ಉದ್ದವನ್ನು ಗೇಜಿನಲ್ಲಿ ಅಳೆದೇ ತಿಳಿಯಬೇಕು. 1925ರ ನಂತರ ಉದ್ದವನ್ನೇ ಕೊರೆಯತೊಡಗಿದರು. 1954ರ ನಿಯಮದ ಮುದ್ರೆಯಲ್ಲಿ ಚದರ ಇಂಚಿಗೆ 3 ಟನ್ ಎಂಬಂತೆ ಒತ್ತಡವೂ ಸೇರಿತು. ‘ನೈಟ್ರೊ ಪ್ರೂಫ್’ ಇಲ್ಲದ ನಳಿಗೆ ಕಪ್ಪು ಮದ್ದಿಗಷ್ಟೇ ಪರೀಕ್ಷೆಯಾದದ್ದು, ಇಂದಿನ ತೋಟೆ ಅದಕ್ಕೆ ಸಲ್ಲದು.

ಮುದ್ರೆಯಲ್ಲಿ ನಳಿಗೆಯ ಒಳವ್ಯಾಸವೂ ಇರುತ್ತದೆ. 13/1 ಎಂದರೆ 0.719 ಇಂಚು, 12 ಎಂದರೆ 0.729. ಹಿಂಬದಿಯಿಂದ ಒಂಬತ್ತು ಇಂಚು ಒಳಗೆ ಗೇಜ್ ಇಳಿಸಿದಾಗ 13/1ರ ನಳಿಗೆ 0.740 ತೋರಿಸಿತೆನ್ನಿ, ಯಾರೋ ತುಕ್ಕಿನ ಗುಳಿ ತೆಗೆಯಲು ಒಳಗೆಲ್ಲ ಉಜ್ಜಿದ್ದಾರೆ. ಪ್ರೂಫ್ ಹೋಯಿತು ಎಂದೇ ಲೆಕ್ಕ, ಅಂಥದ್ದನ್ನು ಬ್ರಿಟನ್ನಿನಲ್ಲಿ ಮಾರುವಂತಿಲ್ಲ. ನಳಿಗೆಯ ಗೋಡೆಯ ದಪ್ಪಕ್ಕೆ ಬೇರೆ ಗೇಜ್ ಇದೆ. 0.020 ಇಂಚಿಗಿಂತ ತೆಳುವಾಗಿದ್ದರೆ ಅನುಭವಿಗಳು ಹಿಂಜರಿಯುತ್ತಾರೆ. ನಳಿಗೆಯನ್ನು ಬೆರಳಿಗೆ ತೂಗುಹಾಕಿ ಮೆಲ್ಲಗೆ ತಟ್ಟಿ ನೋಡಿ. ಗಂಟೆಯಂತೆ ನಾದ ಬರಬೇಕು, ಮೊದ್ದು ಸದ್ದು ಬಂದರೆ ಪಟ್ಟಿಯ ಬೆಸುಗೆ ಬಿಟ್ಟಿರಬಹುದು. ದೊಡ್ಡ ಹೆಸರಿನ ತೆಳು ನಳಿಗೆಗಿಂತ ಅಷ್ಟಾಗಿ ಹೆಸರಿಲ್ಲದ ತಯಾರಕರ ಗಟ್ಟಿ ಬಾಕ್ಸ್‌ಲಾಕ್ ಕೋವಿಯೇ ವಾಸಿ. ಅಗ್ಗವೂ ಹೌದು.

ಚೇಂಬರನ್ನು 70ಕ್ಕೆ ಕೊರೆಸಿಬಿಡಿ ಎಂದು ಸಲಹೆ ಕೊಡುವವರು ಸಿಗುತ್ತಾರೆ. ಒಪ್ಪಬೇಡಿ. ಒತ್ತಡ ಜಾಸ್ತಿ ಇರುವ ಕಡೆಯೇ ಉಕ್ಕು ಸವೆಯುತ್ತದೆ, ಮತ್ತೆ ಪ್ರೂಫ್ ಮಾಡಿಸಬೇಕಾಗುತ್ತದೆ. ಅದೂ ಆಯಿತೆನ್ನಿ, ಹಗುರ ಕೋವಿಯಿಂದ ಭಾರಿ ತೋಟೆ ಹಾರಿಸಿದರೆ ಪೆಟ್ಟು ಬೀಳುವುದು ನಿಮ್ಮ ಹೆಗಲಿಗೇ. ಕೊರೆದ ಕೋವಿಗೆ ಸಂಗ್ರಹಕಾರರಲ್ಲಿ ಬೆಲೆಯೂ ಇಳಿಯುತ್ತದೆ. ಒತ್ತಡ ಕಡಿಮೆಯಿರುವ 65ರ ತೋಟೆ ಬ್ರಿಟನ್ನಿನಲ್ಲಿ ಈಗಲೂ ತಯಾರಾಗುತ್ತದೆ.

ಅಲ್ಲಿ ಶಾಟ್‌ಗನ್ ಸರ್ಟಿಫಿಕೇಟ್ ಇದ್ದವರು ಭದ್ರವಾಗಿಡುವುದಾದರೆ ಎಷ್ಟು ಕೋವಿಯನ್ನಾದರೂ ಇಟ್ಟುಕೊಳ್ಳಬಹುದು. ನಮ್ಮಲ್ಲಿ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು, ಹಾಗಾಗಿ ಸಂಗ್ರಹದ ಮಾತೇ ಕಷ್ಟ. ಆದರೆ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ 2029ರವರೆಗೆ ಮುಂದುವರಿದಿರುವ ಕೊಡಗಿನಲ್ಲಿ, ಕೈಲ್‌ಪೊಳ್ದ್ ಹಬ್ಬದ ದಿನ ಪೂಜೆಗಿಡುವ ಕೋವಿಗಳ ನಡುವೆ ತಾತನ ಕಾಲದ ಇಂಗ್ಲಿಷ್ ಜೋಡುನಳಿಗೆ ಇದ್ದರೆ ಆಶ್ಚರ್ಯವಿಲ್ಲ. ಅದನ್ನು ತೆಂಗಿನಕಾಯಿ ಹೊಡೆಯುವ ಪಂದ್ಯಕ್ಕೆ ಒಯ್ಯುವವರು ಮೊದಲು ಕೋವಿ ರಿಪೇರಿ ಬಲ್ಲವರಿಂದ ಚೇಂಬರ್ ಅಳೆಸಿ, ತೋಟೆಯ ಡಬ್ಬಿಯ ಮೇಲಿನ ಮಿ.ಮೀ. ಓದಿಕೊಂಡು ಹೋಗಲಿ.