ಹೊರಗೆ ಉರ್ದು ಬೋರ್ಡು, ಒಳಗೆ ಕನ್ನಡ ಪಾಠ

ಬೀದರ ಜಿಲ್ಲೆಯ ಯಾವುದೇ ಹಳೆಯ ಮಾಸ್ತರರ ಬಳಿ ಕುಳಿತು ಕನ್ನಡ ಶಾಲೆಗಳ ಮಾತು ತೆಗೆಯಿರಿ, ಒಂದು ಬೋರ್ಡಿನ ಕತೆ ಬಂದೇ ಬರುತ್ತದೆ. ಶಾಲೆಯ ಬಾಗಿಲ ಮೇಲೆ ಉರ್ದು ಅಕ್ಷರಗಳ ಬೋರ್ಡು. ಬಾಗಿಲು ದಾಟಿ ಒಳಗೆ ಹೋದರೆ ಮಕ್ಕಳು ತಿದ್ದುತ್ತಿದ್ದದ್ದು ಕನ್ನಡದ ಅ, ಆ, ಇ, ಈ. ನಿಜಾಮರ ಕಾಲದಲ್ಲಿ ಈ ಉಪಾಯ ಹೂಡಿದವರು ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು. ಭಕ್ತರ ಬಾಯಲ್ಲಿ ಅವರು ‘ಅಪ್ಪಾವರು’. ಅವರ ಕೊನೆಯ ವರ್ಷಗಳಲ್ಲಿ ಮಠದ ಅಂಗಳದಲ್ಲಿ ಆಡಿ ಬೆಳೆದ ಮಕ್ಕಳಿಗಂತೂ ಮನೆಯ ಹಿರಿಯಜ್ಜನೇ.

ಕಾಲೇಜಿನಲ್ಲಿ ಧರ್ಮಶಾಸ್ತ್ರದ ಪೀಠ ಅಲಂಕರಿಸಿದ ಪ್ರಾಧ್ಯಾಪಕರಲ್ಲ ಅವರು. ಆದರೆ ತಾತ, ಮಗ, ಮೊಮ್ಮಗ ಹೀಗೆ ಒಂದೇ ಮನೆಯ ಮೂರು ತಲೆಮಾರಿಗೆ ಧರ್ಮವೆಂದರೇನೆಂದು ಪಾಠ ಹೇಳಿದ ಭಾಗ್ಯ ಎಷ್ಟು ಜನ ಪ್ರಾಧ್ಯಾಪಕರಿಗೆ ಸಿಕ್ಕೀತು? 1890ರ ಡಿಸೆಂಬರ್ 22ರಂದು ಕಮಲನಗರದಲ್ಲಿ ಹುಟ್ಟಿದ ಅವರು ಲಿಂಗೈಕ್ಯರಾದದ್ದು 1999ರ ಏಪ್ರಿಲ್ 22ರಂದು. ನೂರೆಂಟು ವರ್ಷ, ಮೇಲೆ ನಾಲ್ಕು ತಿಂಗಳು! ಇಬ್ಬರು ನಿಜಾಮರ ಆಳ್ವಿಕೆ, 1948ರ ಪೊಲೀಸ್ ಕಾರ್ಯಾಚರಣೆ, 1956ರ ಏಕೀಕರಣ, 1973ರಲ್ಲಿ ನಾಡಿಗೆ ಕರ್ನಾಟಕವೆಂಬ ಹೆಸರು, ಎಲ್ಲವನ್ನೂ ಅವರು ಕಣ್ಣಾರೆ ಕಂಡರು.

ಕಮಲನಗರ ಆಗ ಔರಾದ ಸೀಮೆಯ ಒಂದು ಹಳ್ಳಿ. ಈಗ ಅದೇ ತಾಲ್ಲೂಕು ಕೇಂದ್ರ. ಭಾಲ್ಕಿಯಿಂದ ಉದಗೀರಕ್ಕೆ ಹೋಗುವ ರೈಲು ಈ ಊರನ್ನು ದಾಟಿ ಇನ್ನೊಂದಿಷ್ಟು ದೂರ ಸಾಗಿದರೆ ಮಹಾರಾಷ್ಟ್ರ. ಇಲ್ಲಿಯ ಮನೆಗಳಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಓಡಾಡುತ್ತವೆ. ಬೀದರ ತಾಲ್ಲೂಕಿನ ಮನ್ನಳ್ಳಿಯ ಕಡೆ ಬಂದರೆ ತೆಲುಗೂ ಕಿವಿಗೆ ಬೀಳುತ್ತದೆ. ಇಂಥ ನೆಲದಲ್ಲಿ ಮಗುವಿಗೆ ಯಾವ ಭಾಷೆಯಲ್ಲಿ ಅಕ್ಷರ ಕಲಿಸಬೇಕೆಂಬ ಪ್ರಶ್ನೆ ಅಂದೂ ಸುಲಭದ್ದಾಗಿರಲಿಲ್ಲ.

ನಿಜಾಮ ಸಂಸ್ಥಾನದ ಆಡಳಿತ ಭಾಷೆ ಉರ್ದು. ಕಚೇರಿ, ಕೋರ್ಟು, ನೌಕರಿ ಎಲ್ಲಕ್ಕೂ ಅದೇ ಬೇಕು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲೂ ಉರ್ದುವಿನಲ್ಲೇ ಪಾಠ. ದೇಶಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಟ್ಟದ್ದು ಆ ಕಾಲಕ್ಕೆ ದೊಡ್ಡ ಸಾಹಸವೇ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಮನೆಯಲ್ಲಿ ಕನ್ನಡವಾಡುವ ರೈತನ ಮಗನಿಗೆ ಅಲ್ಲಿಗೆ ಏರುವ ಮೆಟ್ಟಿಲೇ ಇರಲಿಲ್ಲ. ಖಾಸಗಿ ಶಾಲೆ ತೆರೆಯುವುದಕ್ಕೂ ಸರ್ಕಾರದ ಅಪ್ಪಣೆ ಬೇಕಿತ್ತು. ಅದಕ್ಕೇ ಆ ಬೋರ್ಡು. ಅಧಿಕಾರಿಗಳ ಕಣ್ಣಿಗೆ ಬೀಳುವುದು ಹೊರಗಿನ ಬರಹ, ಮಕ್ಕಳ ಕಿವಿಗೆ ಬೀಳುವುದು ಒಳಗಿನ ಪಾಠ.

ಚನ್ನಬಸವ ಪಟ್ಟದ್ದೇವರ ಓದು ನಡೆದದ್ದು ಬಾದಾಮಿಯ ಬಳಿ, ಮಲಪ್ರಭೆಯ ದಡದ ಶಿವಯೋಗ ಮಂದಿರದಲ್ಲಿ. ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಕಟ್ಟಿದ ಸಂಸ್ಥೆ ಅದು. ಮಠಗಳಿಗೆ ಓದಿದ, ಶಿಸ್ತಿನ ಸ್ವಾಮಿಗಳು ಬೇಕೆಂಬುದು ಅದರ ಉದ್ದೇಶ. ಅಲ್ಲಿ ಕಲಿತು ಬಂದ ಇವರು ಭಾಲ್ಕಿಯ ಪೀಠವೇರಿದರು. ವಿಜಯಪುರದ ಫ.ಗು. ಹಳಕಟ್ಟಿಯವರು ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗವನ್ನು ಅಚ್ಚು ಹಾಕಿಸಿದ್ದು 1923ರಲ್ಲಿ. ತಾಳೆಗರಿಗಳಲ್ಲಿ ಅಡಗಿದ್ದ ಶರಣರ ಮಾತು ಪುಸ್ತಕವಾಗಿ ಕೈಗೆ ಬರತೊಡಗಿದ ಆ ದಿನಗಳಲ್ಲಿ ಇತ್ತ ಗಡಿಯಲ್ಲಿ ಅದನ್ನು ಓದಬಲ್ಲವರೇ ಕಡಿಮೆ. ವಚನ ತಿಳಿಯಬೇಕಾದರೆ ಕನ್ನಡ ಬರಬೇಕು. ಹಾಗಾಗಿ ಪಟ್ಟದ್ದೇವರಿಗೆ ಧರ್ಮದ ಕೆಲಸ ಬೇರೆ, ಭಾಷೆಯ ಕೆಲಸ ಬೇರೆ ಆಗಿರಲಿಲ್ಲ.

ಶಾಲೆ ತೆರೆದರಷ್ಟೇ ಸಾಲದು. ದೂರದ ಹಳ್ಳಿಯಿಂದ ಬಂದ ಹುಡುಗ ಉಣ್ಣುವುದೆಲ್ಲಿ, ಮಲಗುವುದೆಲ್ಲಿ? ಮಠದಲ್ಲಿ ಪ್ರಸಾದ ನಿಲಯ ನಡೆಯಿತು. ಭಕ್ತರು ತಂದೊಪ್ಪಿಸಿದ ಜೋಳವೂ ಕಾಣಿಕೆಯೂ ಮಕ್ಕಳ ರೊಟ್ಟಿಯಾಯಿತು, ಮಾಸ್ತರರ ಸಂಬಳವಾಯಿತು. ಪಂಕ್ತಿಯಲ್ಲಿ ಜಾತಿ ಕೇಳುವಂತಿರಲಿಲ್ಲ. ಇಂದಿನ ಹುಡುಗರಿಗೆ ಇದರಲ್ಲೇನು ವಿಶೇಷ ಅನ್ನಿಸಬಹುದು. ಬಾವಿಯ ನೀರಿಗೂ ಜಾತಿ ಇದ್ದ ಕಾಲದಲ್ಲಿ, ಸ್ವಾಮಿಗಳೊಬ್ಬರು ದಲಿತರ ಮಕ್ಕಳನ್ನು ಮಠದೊಳಗೆ ಕರೆದು ಕೂರಿಸುವುದೆಂದರೆ ತಮ್ಮ ಭಕ್ತರ ಸಿಟ್ಟಿಗೂ ಸಿದ್ಧರಾಗಿರಬೇಕಿತ್ತು. ನಿಜಾಮರ ಅಧಿಕಾರಿಗಳಿಗೆ ಬೋರ್ಡು ತೋರಿಸಿ ಪಾರಾಗಬಹುದಿತ್ತು. ಭಕ್ತರ ಎದುರು ಅಂಥ ಬೋರ್ಡು ಎಲ್ಲಿಂದ ತರುವುದು?

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ವಿಲೀನವಾದಾಗ ಅವರಿಗೆ ಐವತ್ತೇಳು ದಾಟಿತ್ತು. ಮುಂದೆ ಭಾಷಾವಾರು ಪ್ರಾಂತಗಳ ಪ್ರಶ್ನೆ ಬಂತು. ಹಳೆಯ ಬೀದರ ಜಿಲ್ಲೆ 1956ರಲ್ಲಿ ಮೂರು ತುಂಡಾಯಿತು. ಉದಗೀರ, ಅಹಮದಪುರ, ನೀಲಂಗಾ ಅತ್ತ ಮುಂಬಯಿ ಪ್ರಾಂತಕ್ಕೆ ಹೋದವು. ಜಹೀರಾಬಾದು, ನಾರಾಯಣಖೇಡ ಆಂಧ್ರಕ್ಕೆ ಸೇರಿದವು. ಉಳಿದದ್ದು ಕನ್ನಡ ನಾಡಿಗೆ. ಭಾಲ್ಕಿ, ಔರಾದಗಳು ಈ ಕಡೆ ಉಳಿದದ್ದರ ಹಿಂದೆ ಪಟ್ಟದ್ದೇವರ ಪಾಠಶಾಲೆಗಳ ಪಾಲು ದೊಡ್ಡದೆಂದು ಇಲ್ಲಿಯ ಜನ ನಂಬುತ್ತಾರೆ. ಗಡಿಯನ್ನು ನಕ್ಷೆಯಲ್ಲಿ ಎಳೆಯುವ ಮೊದಲು ಹಲಗೆ ಬಳಪದಲ್ಲಿ ಎಳೆದಿದ್ದರೆಂದು ಬೇಕಾದರೂ ಹೇಳಬಹುದು.

ಆಮೇಲೆ ಅವರ ಮನಸ್ಸೆಲ್ಲ ಬಸವಕಲ್ಯಾಣದ ಕಡೆ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದ ಊರು ಅದು. ಶರಣರು ಕೂಡಿ ಮಾತಾಡಿದ ಅನುಭವ ಮಂಟಪದ ನೆನಪಿಗೆ ಅಲ್ಲೊಂದು ಕಟ್ಟಡ ಏಳಬೇಕೆಂದು ಅವರು ವರ್ಷಗಟ್ಟಲೆ ದುಡಿದರು, ಎಬ್ಬಿಸಿಯೂ ಬಿಟ್ಟರು. ಅದೇ ಊರಿನಲ್ಲಿ ಸರ್ಕಾರದ ನೂತನ ಅನುಭವ ಮಂಟಪಕ್ಕೆ ಅಡಿಗಲ್ಲು ಬಿದ್ದದ್ದು 2021ರ ಜನವರಿಯಲ್ಲಿ.

ತಾವಿರುವಾಗಲೇ ಅವರು ಪೀಠದ ಹೊಣೆಯನ್ನು ಬಸವಲಿಂಗ ಪಟ್ಟದ್ದೇವರಿಗೆ ಒಪ್ಪಿಸಿದರು. ಅಧಿಕಾರವನ್ನು ಕೊನೆಯುಸಿರಿನ ತನಕ ಬಿಗಿಹಿಡಿದವರ ನಡುವೆ ಇದನ್ನು ಗಮನಿಸಬೇಕು. ಹೆತ್ತವರು ಬಿಟ್ಟುಹೋದ ಕೂಸುಗಳನ್ನು ಮಠ ಇಂದು ಸಾಕುತ್ತಿದೆ. ಭಾಲ್ಕಿ ಬಳಿಯ ಕರಡ್ಯಾಳದ ಗುರುಕುಲಕ್ಕೆ ಚನ್ನಬಸವೇಶ್ವರರ ಹೆಸರಿದೆ. ಡಾಕ್ಟರ್, ಎಂಜಿನಿಯರ್ ಆಗಬೇಕೆಂಬ ಮಕ್ಕಳನ್ನು ತಂದೆ ತಾಯಿ ಅಲ್ಲಿಗೆ ತಂದು ಬಿಡುತ್ತಾರೆ.

ಈಗ ಮನ್ನಳ್ಳಿಯಲ್ಲಾಗಲಿ ಕಮಲನಗರದಲ್ಲಾಗಲಿ ಕನ್ನಡ ಕಲಿಸಲು ಯಾರೂ ಬೋರ್ಡು ಬದಲಿಸಬೇಕಿಲ್ಲ. ಬೋರ್ಡು ಇಂಗ್ಲಿಷಾಗಿದೆ, ಅಷ್ಟೆ. ಅದನ್ನು ಆರಿಸುವ ತಂದೆ ತಾಯಿಯನ್ನು ದೂರಿ ಫಲವಿಲ್ಲ. ಅಂದು ಉರ್ದು ಓದಿಸಿದವರಂತೆ ಇವರ ಚಿಂತೆಯೂ ಮಗನ ನೌಕರಿಯದೇ. ಆದರೆ 371ಜೆ ವಿಧಿಯಿಂದ ಈ ಭಾಗದ ಮಕ್ಕಳಿಗೆ 2013ರಿಂದ ಸೀಟು, ನೌಕರಿಗಳಲ್ಲಿ ಮೀಸಲು ದೊರೆತ ಮೇಲೆ, ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವ ಹುಡುಗ ಕನ್ನಡದ ಪರೀಕ್ಷೆಗೂ ಕೂರಬೇಕಾಗುತ್ತದೆ. ಆಗ ವ್ಯಾಕರಣದ ಪುಸ್ತಕಕ್ಕೆ ಪರದಾಟ.

ಬೀದರಿನ ಜಿಲ್ಲಾ ರಂಗಮಂದಿರಕ್ಕೆ ಚನ್ನಬಸವ ಪಟ್ಟದ್ದೇವರ ಹೆಸರಿಟ್ಟಿದ್ದಾರೆ. ಶಾಲೆಯ ಮಕ್ಕಳು ಬಣ್ಣ ಹಚ್ಚಿಕೊಂಡು ಕುಣಿಯುವುದೂ, ಕವಿಗಳು ಪದ್ಯ ಓದುವುದೂ ಅಲ್ಲೇ. ಆ ಹೆಸರು ಬಾಗಿಲ ಮೇಲೆ ಕನ್ನಡದಲ್ಲೇ ಇದೆ.