ಅನುಭವಿಗಳ ಸಂಗ: ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೆ ಅಣಿಯಾಗುವ ತಾಯಂದಿರಿಗಾಗಿ



ನಮ್ಮ ಮನೆಗಳಲ್ಲಿ ಎಲ್ಲ ಬೇನೆಗಳಿಗೂ ಹೆಸರುಂಟು. ಒಂದು ಬೇನೆಯನ್ನು ಮಾತ್ರ ನಾವು ಹೆಸರಿಡಿದು ಕರೆಯುವುದಿಲ್ಲ. ‘ಆ ಕಾಯಿಲೆ’ ಎಂದು ದನಿ ತಗ್ಗಿಸಿ ಹೇಳುತ್ತೇವೆ. ಅದು ಸ್ತ್ರೀಯರ ಎದೆಯಲ್ಲಿ ಕಾಣಿಸಿಕೊಂಡಾಗಲಂತೂ ಆ ತಗ್ಗಿದ ದನಿಯೂ ಅಡಗಿಬಿಡುತ್ತದೆ. ದೇಹವನ್ನು ದೇವಾಲಯವೆಂದು ಭಾವಿಸಿದ ಪರಂಪರೆ ನಮ್ಮದು. ಆ ದೇವಾಲಯದ ಗೋಡೆಯಲ್ಲಿ ಬಿರುಕು ಕಂಡಾಗ ಪರದೆ ಎಳೆದು ಮರೆಮಾಡುವುದು ಭಕ್ತಿಯೂ ಅಲ್ಲ, ವಿವೇಕವೂ ಅಲ್ಲ. ಈ ಮಾತನ್ನು ಬರೆಯಲು ನನ್ನನ್ನು ಪ್ರೇರಿಸಿದವರು ಶ್ರೀನಿವಾಸಪುರದ ಕಡೆಯ ನಮ್ಮ ಬಳಗದ ಒಬ್ಬ ತಾಯಿ. ಅವರ ಹೆಸರು ಇಲ್ಲಿ ಬೇಡ. ಅವರ ಅನುಭವ ಮಾತ್ರ ಎಲ್ಲರಿಗೂ ಬೇಕಾದುದು.

ಶ್ರೀನಿವಾಸಪುರ ಮಾವಿನ ಸೀಮೆ. ಆ ತಾಯಿಯದೂ ತೋಟದ ಮನೆ. ಮರಗಳು ಹೂ ಬಿಟ್ಟ ಕಾಲದಲ್ಲಿ, ಸ್ನಾನ ಮಾಡುವಾಗ, ಎಡಗಡೆಯ ಎದೆಯಲ್ಲಿ ಹುಣಸೆ ಬೀಜದಷ್ಟು ಗಂಟೊಂದು ಕೈಗೆ ತಾಗಿತು. ನೋವಿರಲಿಲ್ಲ. ನೋವಿಲ್ಲವಾದ್ದರಿಂದ ಭಯಪಡಬೇಕಾದುದಿಲ್ಲವೆಂದು ತಿಳಿದರು. ಈ ರೋಗದ ಗಂಟು ಬಹುಮಟ್ಟಿಗೆ ಆರಂಭದಲ್ಲಿ ನೋಯುವುದೇ ಇಲ್ಲವೆಂಬುದು ಅವರಿಗೆ ತಿಳಿದಿರಲಿಲ್ಲ. ಮನೆಯಲ್ಲಿ ಮಗಳ ಸಂಬಂಧದ ಮಾತುಕತೆ ನಡೆದಿತ್ತು. ‘ತಾಯಿಗೆ ಇಂಥದ್ದು’ ಎಂದು ಬೀಗರ ಕಿವಿಗೆ ಬಿದ್ದರೆ ಏನಾದೀತೆಂಬ ಅಳುಕು. ಹೂವು ಪಿಂದೆಯಾಯಿತು, ಪಿಂದೆ ಕಾಯಾಯಿತು, ಕಾಯಿ ಇಳಿಸುವ ಕಾಲವೂ ಬಂದಿತು. ಅಷ್ಟರಲ್ಲಿ ಹುಣಸೆ ಬೀಜ ನೆಲ್ಲಿಕಾಯಿಯ ಗಾತ್ರವಾಗಿತ್ತು. ಬೆಂಗಳೂರಿನಲ್ಲಿ ಪರೀಕ್ಷೆಗಳಾಗಿ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದ ಮೇಲೆ ಅವರು ಪತಿಯೊಡನೆ ನನ್ನಲ್ಲಿಗೆ ಬಂದರು.

ಅವರು ಕೇಳಿದ ಪ್ರಶ್ನೆ ಒಂದೇ. “ಅಯ್ಯನವರೇ, ಆಪರೇಷನ್ ಕೋಣೆಗೆ ಹೋಗುವಾಗ ಮೈಮೇಲೆ ಏನೂ ಇರಬಾರದಂತೆ. ಲಿಂಗ ತೆಗೆದಿಟ್ಟು ಹೋಗಿ, ನಾನು ಎಚ್ಚರವಾಗದೇ ಹೋದರೆ?”

ಮಠದಲ್ಲಿ ಓದಿದವನಾದ ನಾನು ಶಾಸ್ತ್ರದ ಉತ್ತರವನ್ನು ಕೊಟ್ಟೆ. ಇಷ್ಟಲಿಂಗವನ್ನು ಎದೆಯ ಮೇಲೆಯೇ ಧರಿಸಬೇಕೆಂಬ ನಿರ್ಬಂಧವಿಲ್ಲ. ‘ಸಿದ್ಧಾಂತ ಶಿಖಾಮಣಿ’ಯು ಶಿರಸ್ಸು, ಕಂಠ, ಕಕ್ಷ, ವಕ್ಷ, ಕುಕ್ಷಿ, ಕರ ಎಂದು ಹಲವು ಸ್ಥಾನಗಳನ್ನು ಹೇಳಿದೆ. ಬೆಳ್ಳಿಯ ಕರಡಿಗೆಯನ್ನು ಮನೆಯಲ್ಲಿಟ್ಟು, ಲಿಂಗವನ್ನು ಶುಭ್ರವಾದ ಬಿಳಿಯ ವಸ್ತ್ರದಲ್ಲಿ ಕಟ್ಟಿ, ವೈದ್ಯರು ಒಪ್ಪಿದರೆ ಚಿಕಿತ್ಸೆಗೆ ಅಡ್ಡಿಯಾಗದ ಕಡೆ ಧರಿಸಬಹುದು. ಒಪ್ಪದಿದ್ದರೆ, ದೀಕ್ಷಾಗುರುಗಳ ಅಪ್ಪಣೆ ಪಡೆದು, ಆ ಕೆಲವು ಗಂಟೆಗಳ ಕಾಲ ಲಿಂಗಧಾರಿಯಾದ ಪತಿಯ ಕೈಯಲ್ಲಿ ಇರಿಸಬಹುದು. ಇಷ್ಟಲಿಂಗವು ಕರಸ್ಥಲದಲ್ಲಿದ್ದರೂ ಪ್ರಾಣಲಿಂಗವು ಒಳಗಿದ್ದೇ ಇರುತ್ತದೆ. ಅರಿವಳಿಕೆಯ ಮದ್ದು ಮೈಯ ಎಚ್ಚರವನ್ನು ಮರೆಸಬಲ್ಲುದೇ ಹೊರತು ಅದನ್ನು ಮುಟ್ಟಲಾರದು. ಹೀಗೆಂದು ವಿವರಿಸಿದೆ.

ಆ ತಾಯಿ ಕೈಮುಗಿದು, “ಶಾಸ್ತ್ರ ತಿಳಿಯಿತು ಅಯ್ಯನವರೇ. ಹೆದರಿಕೆ ಹೋಗಲಿಲ್ಲ” ಎಂದರು. ಅದನ್ನು ಕಳೆಯುವ ಶಕ್ತಿ ನನ್ನ ಮಾತಿಗಿರಲಿಲ್ಲವೆಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ಹೊಸೂರು ರಸ್ತೆಯ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯನ್ನು ನಮ್ಮ ಭಾಗದ ಜನ ಬಲ್ಲರು. 1973ರಲ್ಲಿ ಆರಂಭವಾದ ಆ ಸಂಸ್ಥೆಯ ಧರ್ಮಶಾಲೆಯಲ್ಲಿ ದೂರದೂರುಗಳಿಂದ ಬಂದ ರೋಗಿಗಳೂ ಅವರ ಮನೆಯವರೂ ಉಳಿದುಕೊಳ್ಳುತ್ತಾರೆ. ಅಲ್ಲಿ ಈ ತಾಯಿಗೆ ಮುಳಬಾಗಿಲು ಕಡೆಯ ಒಬ್ಬ ಹೆಣ್ಣುಮಗಳ ಪರಿಚಯವಾಯಿತು. ಮನೆಮಾತು ತೆಲುಗು, ಕುಲ ಬೇರೆ, ದೇವರ ಹೆಸರೂ ಬೇರೆ. ಆಕೆಗೆ ಎರಡು ವರ್ಷಗಳ ಹಿಂದೆಯೇ ಇದೇ ಶಸ್ತ್ರಚಿಕಿತ್ಸೆಯಾಗಿತ್ತು. ತಪಾಸಣೆಗೆಂದು ಬಂದಿದ್ದರು. ಸಂಜೆ ಇಬ್ಬರೂ ಒಂದೇ ಚಾಪೆಯ ಮೇಲೆ ಕುಳಿತರು. ಆಕೆ ಉಪದೇಶವನ್ನೇನೂ ಮಾಡಲಿಲ್ಲ. ಚಿಕಿತ್ಸೆಯಾದ ಬದಿಯ ತೋಳನ್ನು ತಲೆಯ ಮೇಲಕ್ಕೆ ಎತ್ತಿ, ಜಡೆಯನ್ನು ಬಿಚ್ಚಿ, ಮತ್ತೆ ತಾನೇ ಹೆಣೆದು ತೋರಿಸಿದರು. “ಅಕ್ಕಾ, ಮೊದಲ ವಾರ ಬಾಚಣಿಗೆ ಹಿಡಿಯಲೂ ಆಗಲಿಲ್ಲ. ಈಗ ನೋಡಿ” ಎಂದರು.

ಆ ರಾತ್ರಿ ಇವರು ಕೇಳಿದ ಪ್ರಶ್ನೆಗಳು ವೈದ್ಯರನ್ನು ಕೇಳಲು ನಾಚಿದವು, ಪತಿಯನ್ನು ಕೇಳಲು ಅಂಜಿದವು. ಎದ್ದ ಮೇಲೆ ಎಷ್ಟು ನೋಯುತ್ತದೆ? ಗಾಯವನ್ನು ಮೊದಲು ನೋಡಿಕೊಂಡಾಗ ಏನನ್ನಿಸುತ್ತದೆ? ರವಿಕೆ ಹೇಗೆ ತೊಡುವುದು? ಮನೆಯವರು ಮುಖ ನೋಡಿ ಮಾತನಾಡಿದರೇ? ಆಕೆ ಒಂದೊಂದಕ್ಕೂ ಇದ್ದದ್ದನ್ನು ಇದ್ದಂತೆ ಹೇಳಿದರು. ಮೊದಲ ಸಲ ನೋಡಿಕೊಂಡ ದಿನ ಅತ್ತದ್ದನ್ನೂ ಮುಚ್ಚಿಡಲಿಲ್ಲ. ಮರುದಿನ ಬೆಳಗ್ಗೆ ನಮ್ಮ ತಾಯಿ ಲಿಂಗಪೂಜೆ ಮುಗಿಸಿ, ಲಿಂಗವನ್ನು ವಸ್ತ್ರದಲ್ಲಿ ಕಟ್ಟಿ ಪತಿಯ ಅಂಗೈಯಲ್ಲಿಟ್ಟು, ತಾವೇ ನಡೆದು ಒಳಗೆ ಹೋದರು.

ಹನ್ನೆರಡನೆಯ ಶತಮಾನದ ಶರಣರು ಕೂಡಿ ಕುಳಿತ ಸ್ಥಳಕ್ಕೆ ‘ಅನುಭವ ಮಂಟಪ’ವೆಂಬ ಹೆಸರು ಬಂದುದರಲ್ಲಿ ಗಹನವಾದ ಅರ್ಥವಿದೆ. ಅಲ್ಲಿ ಬೆಲೆಯಿದ್ದುದು ಓದಿದ ಮಾತಿಗಲ್ಲ, ಬಾಳಿ ಕಂಡ ಮಾತಿಗೆ. ಧರ್ಮಶಾಲೆಯ ಆ ಚಾಪೆಯೂ ಒಂದು ಸಣ್ಣ ಅನುಭವ ಮಂಟಪವೇ ಆಗಿತ್ತು.

ಈ ಸತ್ಯವನ್ನು ದೂರದ ಅಮೆರಿಕೆಯಲ್ಲಿಯೂ ಒಬ್ಬ ಸ್ತ್ರೀ ಕಂಡುಕೊಂಡಳು. ಟೆರೀಸ್ ಲ್ಯಾಸರ್ ಎಂಬಾಕೆಗೆ 1952ರಲ್ಲಿ ನ್ಯೂಯಾರ್ಕಿನಲ್ಲಿ ಸ್ತನ ತೆಗೆಯುವ ಶಸ್ತ್ರಚಿಕಿತ್ಸೆಯಾಯಿತು. ತೋಳಿನ ಚಲನೆ, ಉಡುಗೆ, ಸಂಸಾರ ಇವುಗಳ ಬಗ್ಗೆ ಆಕೆಯ ಪ್ರಶ್ನೆಗಳಿಗೆ ಉತ್ತರ ಹೇಳುವವರು ಸಿಗಲಿಲ್ಲ. ಚೇತರಿಸಿಕೊಂಡ ಬಳಿಕ ಆಕೆ ತನ್ನಂಥವರೇ ಆದ ರೋಗಿಗಳ ಹಾಸಿಗೆಯ ಬಳಿಗೆ ತಾನೇ ಹೋಗತೊಡಗಿದಳು. ಆಕೆ ಆರಂಭಿಸಿದ ‘ರೀಚ್ ಟು ರಿಕವರಿ’ ಎಂಬ ಸೇವೆಯನ್ನು 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ತನ್ನದಾಗಿಸಿಕೊಂಡಿತು. ಮುಂದೆ ಅದು ಬೇರೆ ಬೇರೆ ದೇಶಗಳಿಗೂ ಹಬ್ಬಿತು. ಚಿಕಿತ್ಸೆಯನ್ನು ದಾಟಿ ಬಂದವಳು ದಾಟಬೇಕಾದವಳ ಕೈಹಿಡಿಯುವುದೇ ಅದರ ಮೂಲತತ್ತ್ವ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದು ದಾಸೋಹ.

ಇನ್ನು ರೋಗದ ವಿಷಯವಾಗಿ ಗೃಹಸ್ಥರು ತಿಳಿದಿರಬೇಕಾದ ಕೆಲವು ಸಂಗತಿಗಳು. 2022ರ ಅಂತರರಾಷ್ಟ್ರೀಯ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷದಲ್ಲಿ ಸುಮಾರು 1 ಲಕ್ಷ 92 ಸಾವಿರ ಸ್ತ್ರೀಯರಲ್ಲಿ ಸ್ತನ ಕ್ಯಾನ್ಸರ್ ಹೊಸದಾಗಿ ಕಂಡುಬಂದಿತು. ನಮ್ಮ ದೇಶದ ಸ್ತ್ರೀಯರಲ್ಲಿ ಎಲ್ಲ ಕ್ಯಾನ್ಸರುಗಳಿಗಿಂತ ಹೆಚ್ಚಾಗಿ ಕಾಣುವುದು ಇದೇ. ಇದು ಅಂಟುರೋಗವಲ್ಲ, ಕರ್ಮದ ಶಿಕ್ಷೆಯೂ ಅಲ್ಲ. ವಂಶವಾಹಿಯ ದೋಷದಿಂದ ಬರುವುದು ನೂರರಲ್ಲಿ ಐದರಿಂದ ಹತ್ತು ಪ್ರಕರಣಗಳು ಮಾತ್ರ. ಆದುದರಿಂದ ತಾಯಿಗೆ ಬಂದ ಮಾತ್ರಕ್ಕೆ ಮಗಳಿಗೂ ಬಂದೇ ತೀರುವುದೆಂದು ಸಂಬಂಧ ಮುರಿಯುವುದು ಅಜ್ಞಾನ. ಮಗಳು ವೈದ್ಯರ ಸಲಹೆಯಂತೆ ತಪಾಸಣೆ ಮಾಡಿಸಿಕೊಳ್ಳುತ್ತಿರುವುದು ಜಾಣತನ.

‘ಚೂರಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ’ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಇನ್ನೂ ಓಡಾಡುತ್ತಿದೆ. ಇದು ಸುಳ್ಳು. ಈ ಮಾತನ್ನು ನಂಬಿ ತಡಮಾಡಿದವರಲ್ಲಿಯೇ ರೋಗ ಹರಡುತ್ತದೆ. ಬಯಾಪ್ಸಿಯೆಂಬ ಸೂಜಿಯ ಪರೀಕ್ಷೆಯಿಂದ ರೋಗ ಖಚಿತವಾದ ಮೇಲೆ, ಅದರ ಗಾತ್ರ ಮತ್ತು ಸ್ವಭಾವಗಳನ್ನು ನೋಡಿ ವೈದ್ಯರು ಕ್ರಮವನ್ನು ನಿರ್ಧರಿಸುತ್ತಾರೆ. ಕೆಲವರಿಗೆ ಮೊದಲು ಕೀಮೋಥೆರಪಿ ಕೊಟ್ಟು ಗಂಟನ್ನು ಕುಗ್ಗಿಸಿ ಆಮೇಲೆ ಶಸ್ತ್ರಚಿಕಿತ್ಸೆ ಮಾಡುವುದುಂಟು. ಹಿಂದೆ ಪೂರ್ಣ ಸ್ತನವನ್ನು ಮಾತ್ರವಲ್ಲದೆ ಅದರಡಿಯ ಸ್ನಾಯುಗಳನ್ನೂ ತೆಗೆಯುತ್ತಿದ್ದರು. ಈಗ ಅದು ಅಪರೂಪ. ತಕ್ಕ ರೋಗಿಗಳಲ್ಲಿ ಗಂಟನ್ನಷ್ಟೇ ತೆಗೆದು ವಿಕಿರಣ ಚಿಕಿತ್ಸೆ ಕೊಟ್ಟರೂ ಆಯುಷ್ಯದಲ್ಲಿ ಕೊರತೆಯಾಗದೆಂದು, ಅಮೆರಿಕೆ ಮತ್ತು ಇಟಲಿಯ ವೈದ್ಯರು ಇಪ್ಪತ್ತು ವರ್ಷಗಳ ಅವಲೋಕನದ ಬಳಿಕ 2002ರಲ್ಲಿ ಪ್ರಕಟಿಸಿದರು. ಆದ್ದರಿಂದ ‘ನನಗೆ ಯಾವ ಬಗೆಯದು, ಏಕೆ?’ ಎಂದು ಕೇಳಲು ಯಾವ ತಾಯಿಯೂ ಹಿಂಜರಿಯಬಾರದು.

ಅಣಿಯಾಗುವ ಬಗೆಯನ್ನು, ಆ ಚಾಪೆಯ ಮೇಲಿನ ಮಾತುಗಳನ್ನೂ ವೈದ್ಯರ ಮಾತುಗಳನ್ನೂ ಕೂಡಿಸಿ, ಇಲ್ಲಿ ಹೇಳುತ್ತೇನೆ. ಪ್ರಶ್ನೆಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಬೇಕು. ವೈದ್ಯರ ಮುಂದೆ ಅರ್ಧ ಮರೆತುಹೋಗುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ರಕ್ತ ತೆಳುವಾಗಿಸುವ ಮಾತ್ರೆ, ನಾಟಿ ಔಷಧ ಯಾವುದಿದ್ದರೂ ಮುಚ್ಚಿಡದೆ ಹೇಳಬೇಕು. ಎಲೆಯಡಿಕೆಯೊಡನೆ ಹೊಗೆಸೊಪ್ಪು ಹಾಕುವ ಅಭ್ಯಾಸವಿದ್ದರೆ ಅಂದೇ ಬಿಡಬೇಕು. ಹಿಂದಿನ ದಿನವೇ ಬಳೆ, ಉಂಗುರ, ಕಾಲುಂಗುರ, ಮೂಗುತಿ, ತಾಳಿಗಳನ್ನು ತೆಗೆದು ಮನೆಯವರಿಗೆ ಒಪ್ಪಿಸಬೇಕು. ಲೋಹ ಮೈಮೇಲಿದ್ದರೆ ಶಸ್ತ್ರಚಿಕಿತ್ಸೆಯ ವಿದ್ಯುತ್ ಉಪಕರಣದಿಂದ ಸುಟ್ಟಗಾಯವಾಗುವ ಅಪಾಯವುಂಟು. ಇದರಲ್ಲಿ ಅಮಂಗಳವೇನೂ ಇಲ್ಲ. ಘನಾಹಾರವನ್ನು ಸಾಮಾನ್ಯವಾಗಿ 6 ಗಂಟೆ ಮೊದಲೂ ತಿಳಿನೀರನ್ನು 2 ಗಂಟೆ ಮೊದಲೂ ನಿಲ್ಲಿಸುತ್ತಾರೆ. ಆಸ್ಪತ್ರೆಯವರು ಹೇಳಿದ ಗಂಟೆಯೇ ಪ್ರಮಾಣ. ವ್ರತವೆಂದು ಅದಕ್ಕೂ ಮೊದಲೇ ಉಪವಾಸ ಕೂಡುವುದು ಬೇಡ.

ಮುಂದೆ ಗುಂಡಿಯಿರುವ ಸಡಿಲವಾದ ರವಿಕೆ ಅಥವಾ ಅಂಗಿ ನಾಲ್ಕಾದರೂ ಇರಲಿ. ಎಚ್ಚರವಾದಾಗ ಗಾಯದ ಬಳಿ ಸಣ್ಣ ಕೊಳವೆಯೂ ಅದಕ್ಕೊಂದು ಡಬ್ಬಿಯೂ ಕಾಣುತ್ತವೆ. ಅದು ಒಳಗೆ ಸೇರುವ ನೀರನ್ನು ಹೊರತೆಗೆಯಲು ಇಟ್ಟದ್ದು, ಕೆಲವು ದಿನಗಳಲ್ಲಿ ತೆಗೆಯುತ್ತಾರೆ. ಮುಂಚೆಯೇ ತಿಳಿದಿದ್ದರೆ ಗಾಬರಿಯಾಗದು. ದಿನವೂ ಎಷ್ಟು ಬಂದಿತೆಂದು ಅಳೆದು ಬರೆದಿಡಬೇಕು. ಕಂಕುಳಿನ ಗ್ರಂಥಿಗಳನ್ನು ತೆಗೆದಿದ್ದರೆ ತೋಳಿನ ಒಳಭಾಗ ಜೋಮು ಹಿಡಿದಂತಿರಬಹುದು, ಮುಂದೆ ತೋಳು ಊದಿಕೊಳ್ಳುವ ಸಂಭವವೂ ಉಂಟು. ಹೇಳಿಕೊಟ್ಟ ವ್ಯಾಯಾಮವನ್ನು ತಪ್ಪದೆ ಮಾಡಬೇಕು, ಆ ಕೈಗೆ ಸುಟ್ಟಗಾಯ, ಮುಳ್ಳುಗಾಯಗಳಾಗದಂತೆ ನೋಡಿಕೊಳ್ಳಬೇಕು. ಗಾಯದ ಮೇಲೆ ವಿಭೂತಿಯಾಗಲಿ ಅರಿಸಿನವಾಗಲಿ ಹಚ್ಚಕೂಡದು. ಶಿವದಾರವು ಹೊಲಿಗೆಗೆ ಉಜ್ಜದಂತೆ ಗಾಯ ಮಾಯುವವರೆಗೆ ಬೇರೆ ಕಡೆ ಧರಿಸಬೇಕು.

ಸಹರೋಗಿಗಳ ಮಾತಿಗೂ ಒಂದು ಮಿತಿಯುಂಟು. ಒಬ್ಬರ ರೋಗದಂತೆ ಇನ್ನೊಬ್ಬರದಲ್ಲ. ‘ನನಗೆ ಈ ಮಾತ್ರೆ ಕೊಟ್ಟರು, ನಿನಗೇಕೆ ಇಲ್ಲ?’ ‘ಇಂಥ ಕಷಾಯ ಕುಡಿ, ಆಪರೇಷನ್ ಬೇಡ’ ಎಂಬ ಮಾತುಗಳಿಗೆ ಕಿವಿಗೊಡಬಾರದು. ಚಿಕಿತ್ಸೆಯ ನಿರ್ಧಾರ ವೈದ್ಯರದು. ಧೈರ್ಯ ತುಂಬುವುದು ಅನುಭವಿಗಳ ಕೆಲಸ. ಎಲ್ಲರ ಕಥೆಯೂ ಸುಖಾಂತವಾಗದೆಂಬುದನ್ನೂ ಆ ಚಾಪೆಯವರು ಬಲ್ಲರು. ಬಲ್ಲವರಾದ್ದರಿಂದಲೇ ಅವರ ಸಾಂತ್ವನದಲ್ಲಿ ಪೊಳ್ಳಿಲ್ಲ.

ಮನೆಯ ಪುರುಷರಿಗೆ ಒಂದು ಮಾತು. ಹಣವಿಲ್ಲವೆಂದು ದಿನ ಮುಂದೂಡಬೇಡಿ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ನೆರವುಂಟು. ಪಡಿತರ ಚೀಟಿ ಮತ್ತು ಆಧಾರ್ ಚೀಟಿಯನ್ನು ಹಿಡಿದು ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ. ಮನೆಗೆ ಮರಳಿದ ಗೃಹಿಣಿಯ ಕೈಗೆ ಮರುದಿನವೇ ಕೊಡ, ರುಬ್ಬುಗುಂಡುಗಳನ್ನು ಕೊಡಬೇಡಿ. ಆಕೆಯ ಮುಖ ನೋಡಿ ಮಾತನಾಡಿ.

ನಮ್ಮ ಊರೂರುಗಳಲ್ಲಿ ಅಕ್ಕನ ಬಳಗಗಳಿವೆ. ವಚನ ಗಾಯನ, ಶಿವಾನುಭವ ಗೋಷ್ಠಿಗಳ ನಡುವೆ ತಿಂಗಳಿಗೊಂದು ಸಂಜೆಯನ್ನು ಇದಕ್ಕೂ ಮೀಸಲಿಡಬಾರದೇಕೆ? ಈ ಕಾಯಿಲೆಯನ್ನು ದಾಟಿ ಬಂದ ತಾಯಂದಿರು ನಮ್ಮ ಪ್ರತಿಯೊಂದು ತಾಲ್ಲೂಕಿನಲ್ಲಿಯೂ ಇದ್ದಾರೆ. ನಮ್ಮ ಮೌನ ಅವರನ್ನು ಮರೆಯಲ್ಲಿರಿಸಿದೆ. ಅವರು ಬಾಯಿಬಿಟ್ಟರೆ, ಗಂಟನ್ನು ಮುಚ್ಚಿಟ್ಟುಕೊಂಡು ಕುಳಿತ ಇನ್ನೊಬ್ಬಳು ಐದು ತಿಂಗಳ ಬದಲು ಐದು ದಿನಗಳಲ್ಲಿ ವೈದ್ಯರ ಬಳಿಗೆ ಹೋದಾಳು.

ಶ್ರೀನಿವಾಸಪುರದ ಆ ತಾಯಿಗೆ ಶಸ್ತ್ರಚಿಕಿತ್ಸೆಯ ನಂತರ ಎಡಗೈಯನ್ನು ಎತ್ತಲಾಗುತ್ತಿರಲಿಲ್ಲ. ಕರಸ್ಥಲದ ಲಿಂಗವನ್ನು ಕಣ್ಣಿನ ನೇರಕ್ಕೆ ಹಿಡಿಯಲಾಗದೆಂದು ಕಣ್ಣೀರಿಟ್ಟರು. ಮೊದಲು ದಿಂಬಿನ ಮೇಲೆ ಕೈಯಿಟ್ಟು ಪೂಜಿಸಿದರು. ವ್ಯಾಯಾಮ ನಡೆದಂತೆ ಕೈ ದಿನದಿನಕ್ಕೆ ಒಂದಿಷ್ಟು ಮೇಲೇರಿತು. ಮತ್ತೊಂದು ಮಾವಿನ ಹೂವಿನ ಕಾಲಕ್ಕೆ ಅದು ಕಣ್ಣಿನ ನೇರಕ್ಕೆ ಬಂದಿತೆಂದು ಅವರೇ ಬಂದು ತಿಳಿಸಿದರು. ಮಗಳ ಮದುವೆಯೂ ಆಯಿತು. ಬೀಗರಿಗೆ ವಿಷಯವನ್ನು ಅವರೇ ಮೊದಲು ಹೇಳಿದ್ದರು. ಈಗ ತಪಾಸಣೆಗೆ ಬೆಂಗಳೂರಿಗೆ ಹೋದಾಗಲೆಲ್ಲ ಅವರು ಒಂದು ದಿನ ಹೆಚ್ಚಾಗಿ ಧರ್ಮಶಾಲೆಯಲ್ಲಿ ಉಳಿಯುತ್ತಾರೆ. ಮರುದಿನ ಶಸ್ತ್ರಚಿಕಿತ್ಸೆಯಿರುವ ಯಾರಾದರೊಬ್ಬರು ಅಲ್ಲಿ ಇದ್ದೇ ಇರುತ್ತಾರೆ.